ಫೈರ್‌ವಾಲ್ ಇತ್ತು, ವರ್ಮ್ ಬೇರೆ ಲೈನಿನಲ್ಲಿ ಬಂತು

2003ರ ಜನವರಿಯಲ್ಲಿ ಅಮೆರಿಕದ ಓಹಾಯೋ ರಾಜ್ಯದ ಡೇವಿಸ್-ಬೆಸ್ ಅಣು ವಿದ್ಯುತ್ ಸ್ಥಾವರದ ನೆಟ್‌ವರ್ಕಿಗೆ ಸ್ಲ್ಯಾಮರ್ ಅನ್ನುವ ವರ್ಮ್ (ತನ್ನನ್ನೇ ನಕಲು ಮಾಡಿಕೊಂಡು ಹರಡುವ ಕೇಡಿನ ಪ್ರೋಗ್ರಾಮ್) ನುಗ್ಗಿತು. ಅದರ ಗಾತ್ರ ಬರೀ 376 ಬೈಟ್. ಸುರಕ್ಷತೆಯ ಅಂಕಿಅಂಶ ತೋರಿಸುವ ಕಂಪ್ಯೂಟರ್ ವ್ಯವಸ್ಥೆ ಹತ್ತಿರಹತ್ತಿರ 5 ಗಂಟೆ ಕೈಕೊಟ್ಟಿತು. ಪುಣ್ಯಕ್ಕೆ ರಿಯಾಕ್ಟರ್ ಆಗ ಬೇರೆ ಕಾರಣಕ್ಕೆ ನಿಂತಿತ್ತು.

ಒಳಗೆ ಬರುವುದನ್ನು ಸೋಸುವ ಫೈರ್‌ವಾಲ್ ಇರಲಿಲ್ಲವಾ? ಇತ್ತು. ಸ್ಲ್ಯಾಮರ್ ಬಳಸುವ ಪೋರ್ಟನ್ನು (ನಂಬರ್ ಇರುವ ಬಾಗಿಲು ಅನ್ನಿ) ಬಂದ್ ಮಾಡಿಯೂ ಇಟ್ಟಿತ್ತು. ಆದರೆ ಒಬ್ಬ ಗುತ್ತಿಗೆದಾರರ ನೆಟ್‌ವರ್ಕಿನಿಂದ ಕಂಪನಿಯ ನೆಟ್‌ವರ್ಕಿಗೆ ನೇರವಾಗಿ ಒಂದು ಲೈನ್ ಎಳೆದಿದ್ದರು. ಅದು ಫೈರ್‌ವಾಲನ್ನು ಮುಟ್ಟದೆ ಪಕ್ಕದಿಂದ ಒಳಗೆ ಬರುತ್ತಿತ್ತು. ವರ್ಮ್ ಮೊದಲು ಗುತ್ತಿಗೆದಾರರ ಯಂತ್ರಗಳಿಗೆ ಹತ್ತಿತು. ಆ ಲೈನಿನಿಂದ ಕಂಪನಿಗೆ, ಅಲ್ಲಿಂದ ಸ್ಥಾವರಕ್ಕೆ ದಾಟಿತು. ವರ್ಮ್ ಬಳಸಿಕೊಂಡ ದೋಷವನ್ನು ಸರಿಪಡಿಸುವ ಪ್ಯಾಚ್ ಬಂದು ಆರು ತಿಂಗಳಾಗಿತ್ತು, ಅಲ್ಲಿ ಯಾರೂ ಹಾಕಿರಲಿಲ್ಲ.

ನಂಬಿದ ನೆಟ್‌ವರ್ಕು, ನಂಬದ ನೆಟ್‌ವರ್ಕು, ಎರಡರ ನಡುವೆ ಮಾತುಕತೆ ನಡೆಯಲೇಬೇಕು. ಇಲ್ಲದಿದ್ದರೆ ಕೆಲಸ ಸಾಗುವುದಿಲ್ಲ. ಈ ಮಾತುಕತೆಯನ್ನು ಕಾಯುವ ಪ್ರಯತ್ನಕ್ಕೆ ಈಗ ಸುಮಾರು ನಲವತ್ತು ವರ್ಷ. ಗೋಡೆ ಕಟ್ಟುವುದು ಯಾವತ್ತೂ ಅಷ್ಟು ಕಷ್ಟವಾಗಿರಲಿಲ್ಲ. ಯಾರನ್ನು ಒಳಗಿನವರು ಅಂತ ಎಣಿಸಬೇಕು ಅನ್ನುವುದೇ ತಲೆನೋವು.

ಆರಂಭದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. 1969ರಲ್ಲಿ ಶುರುವಾದ, ಇಂಟರ್ನೆಟ್ಟಿನ ಪೂರ್ವಜ ಅರ್ಪಾನೆಟ್‌ನಲ್ಲಿ ಇದ್ದದ್ದು ವಿಶ್ವವಿದ್ಯಾಲಯಗಳು, ಸಂಶೋಧನಾ ಸಂಸ್ಥೆಗಳು, ಸೇನೆಯ ಕೆಲವು ಕಚೇರಿಗಳು. ಎಲ್ಲರೂ ಎಲ್ಲರಿಗೂ ಗೊತ್ತಿದ್ದವರೇ. 1983ರಲ್ಲಿ ಸೇನೆ ತನ್ನ ಭಾಗವನ್ನು ಮಿಲ್‌ನೆಟ್ ಅಂತ ಬೇರೆ ಮಾಡಿಕೊಂಡಿತು. ಆದರೂ ಎರಡರ ನಡುವೆ ಇಮೇಲ್ ಓಡಾಡಬೇಕಿತ್ತಲ್ಲ, ಅದಕ್ಕೆ ಎರಡನ್ನೂ ಬೆಸೆಯುವ ಗೇಟ್‌ವೇ ಯಂತ್ರಗಳನ್ನು ಇಟ್ಟರು.

ಆ ಕಾಲದ ಯೂನಿಕ್ಸ್ ಯಂತ್ರಗಳಲ್ಲಿ ಒಂದು ಸೌಕರ್ಯ ಇತ್ತು. 'ಇಂಥ ಯಂತ್ರದಿಂದ ಇಂಥ ಬಳಕೆದಾರ ಬಂದರೆ ಪಾಸ್‌ವರ್ಡ್ ಕೇಳಬೇಡ' ಅಂತ ಒಂದು ಫೈಲಿನಲ್ಲಿ ಬರೆದಿಟ್ಟರೆ ಸಾಕು, ಬಂದವರು ಸೀದಾ ಒಳಗೆ. ದಿನಕ್ಕೆ ಹತ್ತು ಯಂತ್ರಗಳಿಗೆ ಲಾಗಿನ್ ಆಗುವವರಿಗೆ ಇದು ವರದಾನ. ಕಳ್ಳರಿಗೂ ಅಷ್ಟೇ. ಒಂದು ಯಂತ್ರ ಕೈಗೆ ಸಿಕ್ಕರೆ ಅದನ್ನು ನಂಬುವ ಎಲ್ಲ ಯಂತ್ರಗಳೂ ಸಿಕ್ಕ ಹಾಗೆ.

1988ರ ನವೆಂಬರ್ 2ರಂದು ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಮಾರಿಸ್ ಬಿಟ್ಟ ವರ್ಮ್ ಇದನ್ನೇ ಬಳಸಿಕೊಂಡಿತು. ಮೇಲ್ ಪ್ರೋಗ್ರಾಮಿನ ಒಂದು ತೂತು, ಇನ್ನೊಂದು ಪುಟ್ಟ ಸೇವೆಯ ಬಫರ್ ದೋಷ, 432 ಪದಗಳ ಪಾಸ್‌ವರ್ಡ್ ಪಟ್ಟಿ, ಜೊತೆಗೆ ಯಂತ್ರಗಳ ನಡುವಿನ ಈ ನಂಬಿಕೆ. ಆಗ ಇಂಟರ್ನೆಟ್‌ನಲ್ಲಿದ್ದ ಸುಮಾರು 60,000 ಯಂತ್ರಗಳಲ್ಲಿ 6,000ದಷ್ಟಕ್ಕೆ ತಗುಲಿತು ಅನ್ನುವುದು ಆಗಿನ ಅಂದಾಜು. ಮರುದಿನ ಮಿಲ್‌ನೆಟ್ ಮತ್ತು ಅರ್ಪಾನೆಟ್ ನಡುವಿನ ಗೇಟ್‌ವೇಗಳನ್ನೇ ಬಂದ್ ಮಾಡಬೇಕಾಯಿತು. ವರ್ಮ್ ಹೇಗೆ ತಡೆಯಬೇಕು ಅಂತ ಇಮೇಲಿನಲ್ಲಿ ಹೇಳಬೇಕೆಂದರೆ ದಾರಿಯೇ ಮುಚ್ಚಿತ್ತು. ಪೂರ್ತಿ ಬಂದ್ ಮಾಡುವುದು ಪರಿಹಾರವಲ್ಲ ಅಂತ ಎಲ್ಲರಿಗೂ ಅರ್ಥವಾಗಿದ್ದು ಆಗಲೇ.

ಫೈರ್‌ವಾಲ್ ಹುಟ್ಟಿದ್ದು ಇದೇ ಹೊತ್ತಿನಲ್ಲಿ. ಕಂಪ್ಯೂಟರ್ ತಯಾರಿಸುವ ಡಿಇಸಿ ಕಂಪನಿಯ ಎಂಜಿನಿಯರುಗಳು ಪ್ಯಾಕೆಟ್ ಫಿಲ್ಟರ್ ಮಾಡಿದರು. ನೆಟ್‌ವರ್ಕಿನಲ್ಲಿ ಮಾಹಿತಿ ಓಡಾಡುವ ಪುಟ್ಟ ಪೊಟ್ಟಣಗಳೇ ಪ್ಯಾಕೆಟ್ಟುಗಳು. ಎಲ್ಲಿಂದ ಬಂತು, ಎಲ್ಲಿಗೆ ಹೊರಟಿದೆ, ಯಾವ ಪೋರ್ಟ್ ಅಂತ ಪ್ರತಿ ಪ್ಯಾಕೆಟ್ಟನ್ನೂ ನೋಡಿ ಬಿಡುವುದು ಅಥವಾ ಬಿಸಾಡುವುದು, ಇಷ್ಟೇ ಅದರ ಕೆಲಸ. ಆದರೆ ಎಟಿ ಅಂಡ್ ಟಿ ಬೆಲ್ ಲ್ಯಾಬ್ಸ್‌ನ ಸ್ಟೀವನ್ ಬೆಲೋವಿನ್ 1989ರಲ್ಲೇ ತೋರಿಸಿದ್ದರು, ಬಂದ ವಿಳಾಸವನ್ನೇ ಸುಳ್ಳು ಬರೆಯಬಹುದು ಅಂತ. ಅವರ ಸಹೋದ್ಯೋಗಿ ಬಿಲ್ ಚೆಸ್ವಿಕ್ 1990ರಲ್ಲಿ ವಿವರಿಸಿದ ಗೇಟ್‌ವೇ ನನಗೆ ಈಗಲೂ ಇಷ್ಟ. ಅದರಲ್ಲಿ ಎರಡು ಯಂತ್ರ, ಒಂದು ಹೊರಗೆ, ಒಂದು ಒಳಗೆ. ಹೊರಗಿನದು ಇವತ್ತಲ್ಲ ನಾಳೆ ಕಳ್ಳರ ಪಾಲಾಗಬಹುದು ಅಂತಲೇ ಲೆಕ್ಕ ಹಾಕಿ, ಒಳಗಿನದು ಅದನ್ನು ನಂಬದ ಹಾಗೆ ಕಟ್ಟಿದ್ದರು. ತಮ್ಮ ಕಾವಲುಗಾರನನ್ನೇ ನಂಬದ ವಿನ್ಯಾಸ! ಆದರೆ ಈ ಏರ್ಪಾಟು ಹೊರಗಡೆ ಗಟ್ಟಿ, ಒಳಗಡೆ ಮೆತ್ತಗೆ ಅಂತ ಚೆಸ್ವಿಕ್ ಅವರೇ ಒಪ್ಪಿಕೊಂಡಿದ್ದರು. ಮುಂದೆ ಬಂದವರಲ್ಲಿ ಹೆಚ್ಚಿನವರು ಗಟ್ಟಿ ಭಾಗವನ್ನು ಕೊಂಡುಕೊಂಡರು, ಆ ಎಚ್ಚರಿಕೆಯನ್ನು ಅಲ್ಲೇ ಬಿಟ್ಟರು.

ಪ್ಯಾಕೆಟ್ ಫಿಲ್ಟರಿನ ಕಷ್ಟ ಏನು ಅಂತ ಫೈಲ್ ಸಾಗಿಸುವ ಹಳೆಯ ವಿಧಾನ ಎಫ್‌ಟಿಪಿಯಲ್ಲಿ ಚೆನ್ನಾಗಿ ಕಾಣುತ್ತದೆ. ಒಳಗಿನಿಂದ ನೀವು ಹೊರಗಿನ ಸರ್ವರಿಗೆ ಸಂಪರ್ಕ ಮಾಡಿ ಒಂದು ಫೈಲ್ ಕೇಳುತ್ತೀರಿ. 'ಈ ಪೋರ್ಟಿಗೆ ಕಳಿಸು' ಅಂತ ಒಂದು ನಂಬರ್ ಹೇಳುತ್ತೀರಿ. ಫೈಲ್ ಕೊಡಲು ಸರ್ವರ್ ತಾನೇ ನಿಮ್ಮ ಕಡೆಗೆ ಹೊಸ ಸಂಪರ್ಕ ಶುರು ಮಾಡುತ್ತದೆ. ಫಿಲ್ಟರ್ ಕಣ್ಣಿಗೆ ಇದು ಹೊರಗಿನವರು ಬಾಗಿಲು ಬಡಿದ ಹಾಗೆ. ಬಿಟ್ಟರೆ ಕಳ್ಳರೂ ಬರುತ್ತಾರೆ, ಬಿಡದಿದ್ದರೆ ಫೈಲ್ ಬರಲ್ಲ. ಹಾಗಾಗಿ ಫೈರ್‌ವಾಲ್ ಮಾತುಕತೆಯನ್ನು ಓದಿ, ನೆನಪಿಟ್ಟುಕೊಂಡು, ಕೇಳಿದ್ದಕ್ಕೆ ಬಂದ ಉತ್ತರವನ್ನಷ್ಟೇ ಬಿಡಬೇಕಾಯಿತು. 1994ರಲ್ಲಿ ಚೆಕ್ ಪಾಯಿಂಟ್ ಕಂಪನಿ ಮಾರುಕಟ್ಟೆಗೆ ತಂದ ಫೈರ್‌ವಾಲ್ ಗೆದ್ದದ್ದು ಈ ನೆನಪಿನ ಟೇಬಲ್ಲಿನಿಂದ. ಹೊರಗಿನವರಿಗೆ ಕಾಣಲೇಬೇಕಾದ ವೆಬ್, ಮೇಲ್ ಸರ್ವರುಗಳು ಒಳಗೂ ಅಲ್ಲದ ಹೊರಗೂ ಅಲ್ಲದ ಡಿಎಂಜೆಡ್‌ನಲ್ಲಿ ಕೂತವು.

ಇದು ಗಡಿಯ ಕತೆಯಾಯಿತು. ಗಡಿ ದಾಟಿದ ಮಾತನ್ನು ದಾರಿಯಲ್ಲಿ ಯಾರೂ ಕದ್ದು ಕೇಳಬಾರದು ಅಲ್ವಾ? ಅದಕ್ಕೆ ಬೇಕಾದ ಗಣಿತ 1976ರಲ್ಲೇ ಸಿಕ್ಕಿತ್ತು. ಎಲ್ಲರ ಕಣ್ಣೆದುರೇ ಮಾತಾಡಿಕೊಂಡು ಇಬ್ಬರೇ ತಿಳಿದ ಕೀಲಿ ಹುಟ್ಟಿಸುವ ವಿಧಾನವನ್ನು ಡಿಫಿ ಮತ್ತು ಹೆಲ್‌ಮನ್ ಪ್ರಕಟಿಸಿದ್ದರು. ಅದು ದಿನಬಳಕೆಗೆ ಇಳಿದದ್ದು 1995ರ ಆಸುಪಾಸಿನಲ್ಲಿ. ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದ ನೆಟ್‌ವರ್ಕಿನಲ್ಲಿ ಯಾರೋ ಪಾಸ್‌ವರ್ಡ್ ಕದ್ದರು ಅಂತ ಟಾಟು ಯುಲೊನೆನ್ ದೂರದ ಯಂತ್ರಕ್ಕೆ ಗುಟ್ಟಾಗಿ ಲಾಗಿನ್ ಆಗುವ ಎಸ್‌ಎಸ್‌ಎಚ್ ಬರೆದರು. ಅದೇ ವರ್ಷ ವೆಬ್ ಮಾತುಕತೆಯನ್ನು ಗುಟ್ಟಾಗಿಡುವ ನೆಟ್‌ಸ್ಕೇಪ್‌ನ ಎಸ್‌ಎಸ್‌ಎಲ್ ಬಂತು, ಪ್ಯಾಕೆಟ್ಟುಗಳನ್ನೇ ಗುಟ್ಟಾಗಿಡುವ ಐಪಿಸೆಕ್‌ನ ಮೊದಲ ದಾಖಲೆಗಳೂ ಬಂದವು. ಇವುಗಳ ಮೇಲೆ ಇಂಟರ್ನೆಟ್ಟಿನಲ್ಲೇ ಗುಟ್ಟಿನ ಸುರಂಗ ಹಾಕುವ ವಿಪಿಎನ್ ಬೆಳೆಯಿತು. ಮನೆಯಲ್ಲಿ ಕೂತ ಲ್ಯಾಪ್‌ಟಾಪ್ ಇಂಟರ್ನೆಟ್ ಮೂಲಕವೇ ಆಫೀಸಿನ 'ಒಳಗೆ' ಬಂತು.

ಹಳೆಯ ತಪ್ಪು ಹೊಸ ಬಟ್ಟೆ ಹಾಕಿಕೊಂಡದ್ದು ಇಲ್ಲೇ. ದಾರಿ ಭದ್ರ, ಸರಿ. ಆದರೆ ಆ ತುದಿಯಲ್ಲಿ ಯಾರಿದ್ದಾರೆ? 2021ರ ಮೇ ತಿಂಗಳಲ್ಲಿ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಕಂಪನಿಗೆ ಕಳ್ಳರು ಬಂದದ್ದು ಯಾರೂ ಬಳಸದೆ ಬಿಟ್ಟಿದ್ದ ಒಂದು ಹಳೆಯ ವಿಪಿಎನ್ ಖಾತೆಯಿಂದ. ಅದಕ್ಕೆ ಪಾಸ್‌ವರ್ಡ್ ಒಂದೇ ಕಾವಲು. ಹೊಡೆತ ಬಿದ್ದದ್ದು ಕಚೇರಿಯ ಕಂಪ್ಯೂಟರುಗಳಿಗೆ. ಅದು ಪೈಪ್‌ಲೈನ್ ನಡೆಸುವ ಯಂತ್ರಗಳಿಗೂ ಹರಡೀತು ಅನ್ನುವ ಭಯದಿಂದ ಕಂಪನಿ ತಾನೇ ಇಂಧನ ನಿಲ್ಲಿಸಿತು. 2019ರಿಂದ ಈಚೆಗೆ ಹೆಸರಾಂತ ವಿಪಿಎನ್ ಪೆಟ್ಟಿಗೆಗಳಲ್ಲೇ ಒಂದರ ಹಿಂದೆ ಒಂದು ತೂತು ಸಿಕ್ಕಿವೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

ಸಂಪರ್ಕವೇ ಬೇಡ ಅನ್ನುವವರೂ ಇದ್ದರು. ಆದರೆ 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಯುಎಸ್‌ಬಿ ಡ್ರೈವ್‌ಗಳಲ್ಲಿ ಹರಡುವಂತೆ ಬರೆದ ವರ್ಮ್. ಇಂಟರ್ನೆಟ್ಟಿನಿಂದ ದೂರವಿಟ್ಟಿದ್ದ ಇರಾನಿನ ನತಾಂಜ್ ಅಣು ಘಟಕಕ್ಕೂ ಅದು ತಲುಪಿತು. ಇದಕ್ಕಿಂತ ಪ್ರಾಮಾಣಿಕ ಉಪಾಯ ಡೇಟಾ ಡಯೋಡ್. ಒಂದು ಫೈಬರ್ ಎಳೆ. ಈ ಕಡೆ ಬೆಳಕು ಕಳಿಸುವ ಭಾಗ ಮಾತ್ರ, ಆ ಕಡೆ ಹಿಡಿಯುವ ಭಾಗ ಮಾತ್ರ. ವಾಪಸ್ ಬರಲು ದಾರಿಯೇ ಇಲ್ಲ. 'ತಲುಪಿತು' ಅಂತ ಉತ್ತರವೂ ಬರುವುದಿಲ್ಲವಾದ್ದರಿಂದ ಅಂಥ ಉತ್ತರಕ್ಕೆ ಕಾಯುವ ಇಂಟರ್ನೆಟ್ಟಿನ ಸಾಮಾನ್ಯ ವಿಧಾನ ಟಿಸಿಪಿ ಇದರಲ್ಲಿ ಓಡಲ್ಲ. ಮಧ್ಯೆ ಕಳೆದುಹೋದರೂ ಆ ಕಡೆ ಜೋಡಿಸಿಕೊಳ್ಳಲಿ ಅಂತ ಮಾಹಿತಿಯನ್ನು ಸ್ವಲ್ಪ ಜಾಸ್ತಿಯಾಗಿ ಕಳಿಸಬೇಕು. ಸ್ಥಾವರದ ಅಂಕಿಅಂಶ ಹೊರಗೆ ನೋಡಲು ಇದು ಬೇಕಾದಷ್ಟು ಸಾಕು. ಹೊರಗಿನಿಂದ ಪ್ಯಾಚ್ ಕಳಿಸಬೇಕೆಂದರೆ ಮತ್ತೆ ಯಾರೋ ಡ್ರೈವ್ ಹಿಡಿದು ಒಳಗೆ ನಡೆಯಬೇಕು.

ಗಡಿಯನ್ನೇ ನಂಬಬೇಡಿ ಅನ್ನುವ ವಾದಕ್ಕೂ ವಯಸ್ಸಾಗಿದೆ. 2004ರಲ್ಲಿ ಜೆರಿಕೊ ಫೋರಂ ಅನ್ನುವ ಭದ್ರತಾ ತಜ್ಞರ ಗುಂಪು ಹೇಳಿತು. 2010ರಲ್ಲಿ ಮಾರುಕಟ್ಟೆ ಸಂಶೋಧನೆ ನಡೆಸುವ ಫಾರೆಸ್ಟರ್ ಸಂಸ್ಥೆಯ ಜಾನ್ ಕಿಂಡರ್‌ವಾಗ್ 'ಜೀರೋ ಟ್ರಸ್ಟ್' ಅಂದರು. 2009ರ ಕೊನೆಯಲ್ಲಿ ದಾಳಿಗೆ ತುತ್ತಾದ ಗೂಗಲ್ ತನ್ನ ಉದ್ಯೋಗಿಗಳಿಗೆ ವಿಪಿಎನ್ ಬೇಡದ ವ್ಯವಸ್ಥೆ ಕಟ್ಟಿ 2014ರಲ್ಲಿ ಅದರ ವಿವರ ಪ್ರಕಟಿಸಿತು. ಎಲ್ಲಿಂದ ಬಂದಿರಿ ಅನ್ನುವುದು ಲೆಕ್ಕಕ್ಕಿಲ್ಲ. ಯಾರು, ಯಾವ ಯಂತ್ರ, ಅದರ ಸ್ಥಿತಿ ಏನು ಅಂತ ಪ್ರತಿ ಸಲವೂ ಪರೀಕ್ಷೆ. 2020ರಲ್ಲಿ ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ ಇದಕ್ಕೊಂದು ಮಾರ್ಗಸೂಚಿ ಹೊರತಂದಿತು. ಈಗಂತೂ ಸಿಕ್ಕಸಿಕ್ಕ ಪೆಟ್ಟಿಗೆಗೆಲ್ಲ ಸುಮ್ನೆ ಈ ಹೆಸರು ಅಂಟಿಸಿ ಮಾರುತ್ತಾರೆ, ಅದು ಬೇರೆ ಮಾತು.

ಇದು ಒಪ್ಪುವುದು ತಾನು ಯಾರು ಅಂತ ಹೇಳಬಲ್ಲ ಯಂತ್ರಗಳಿಗೆ. ಕಾರ್ಖಾನೆಯ ಕಂಟ್ರೋಲರುಗಳು ಇವತ್ತಿಗೂ ಆಡುವ ಮಾಡ್‌ಬಸ್ ಭಾಷೆ ಹುಟ್ಟಿದ್ದು 1979ರಲ್ಲಿ. ಅದರಲ್ಲಿ ಪಾಸ್‌ವರ್ಡ್ ಇಲ್ಲ, ಗುರುತು ಕೇಳುವ ಏರ್ಪಾಟಿಲ್ಲ. ವಾಲ್ವ್ ತೆರೆ ಅಂದರೆ ತೆರೆಯುತ್ತದೆ, ಹೇಳಿದ್ದು ಯಾರು ಅಂತ ಕೇಳುವುದಿಲ್ಲ. ಎನ್‌ಕ್ರಿಪ್ಷನ್ ಇರುವ ಮಾಡ್‌ಬಸ್ ಮಾನದಂಡ ಬಂದದ್ದು 2018ರಲ್ಲಿ. ಇಪ್ಪತ್ತು, ಮೂವತ್ತು ವರ್ಷ ಬಾಳಿಕೆ ಬರಲಿ ಅಂತ ಕೂರಿಸಿದ ಯಂತ್ರಗಳನ್ನು ಯಾರೂ ಅದಕ್ಕೋಸ್ಕರ ಕಿತ್ತು ಹಾಕಲ್ಲ. ಅವುಗಳ ಮುಂದೆ ಇನ್ನೂ ಬಹಳ ಕಾಲ ಫೈರ್‌ವಾಲೇ ನಿಂತಿರುತ್ತದೆ. ಅದನ್ನು ಮುಟ್ಟದೆ ಪಕ್ಕದಿಂದ ಒಳಗೆ ಹೋಗುವ ಗುತ್ತಿಗೆದಾರರ ಲೈನುಗಳು ಎಷ್ಟಿವೆ ಅಂತ ಯಾರಾದರೂ ಕೇಬಲ್ ಹಿಡಿದು ಹುಡುಕುತ್ತಲೇ ಇರಬೇಕಾಗುತ್ತದೆ.