ಕಾರ್ನೆ ಎನ್ ಸು ಹೂಗೊ: ಹೆಸರಲ್ಲೇ ಅಡಗಿದ ವಿಧಾನ

ಸ್ಪ್ಯಾನಿಷ್‌ನಲ್ಲಿ 'ಕಾರ್ನೆ' ಎಂದರೆ ಮಾಂಸ, 'ಎನ್ ಸು ಹೂಗೊ' ಎಂದರೆ ತನ್ನದೇ ರಸದಲ್ಲಿ. ಬರೆಯುವುದು ಜೆ ಅಕ್ಷರ, ಉಚ್ಚರಿಸುವುದು ಹಕಾರ. ಹಾಗಾಗಿ ಮೆನು ನೋಡಿ 'ಜುಗೊ' ಎನ್ನಬೇಡಿ. ಮೆಕ್ಸಿಕೊದ ಹಾಲಿಸ್ಕೊ ರಾಜ್ಯದ ಗ್ವಾದಲಹಾರ ನಗರದ ಅಡುಗೆ ಇದು: ಸಣ್ಣಗೆ ಹೆಚ್ಚಿದ ದನದ ಮಾಂಸ, ಹುಳಿಖಾರದ ಹಸಿರು ಸಾರು, ಬೆಂದ ಕಾಳು, ಮೇಲೆ ಗರಿಗರಿ ಬೇಕನ್ (ಉಪ್ಪಿನಲ್ಲಿ ಹದಮಾಡಿದ ಹಂದಿಮಾಂಸದ ತೆಳು ಪಟ್ಟಿ).

ಹೊರಗಿನವರು ಇದನ್ನು ಸುಲಭವಾಗಿ 'ಚಿಲ್ಲಿ' ಎಂದುಬಿಡುತ್ತಾರೆ. ಚಿಲ್ಲಿ ಕಾನ್ ಕಾರ್ನೆ ಟೆಕ್ಸಾಸಿನದು. 1977ರಲ್ಲಿ ಅದು ಆ ರಾಜ್ಯದ ಅಧಿಕೃತ ಖಾದ್ಯವೂ ಆಯಿತು. ಅದರಲ್ಲಿ ಒಣಮೆಣಸಿನಕಾಯಿ ಮತ್ತು ಜೀರಿಗೆಯ ದಟ್ಟ ಕೆಂಪು ಗೊಜ್ಜು ಇರುತ್ತದೆ. ಇಲ್ಲಿರುವುದು ತಿಳಿಸಾರು, ಅದರ ಬಣ್ಣ ಹಸಿರು. ಇನ್ನು ಉತ್ತರ ಮೆಕ್ಸಿಕೊದ 'ಫ್ರಿಹೋಲೆಸ್ ಚಾರೋಸ್'ನಲ್ಲಿ ಕಾಳೇ ಯಜಮಾನ, ಮಾಂಸ ಬರೀ ಒಗ್ಗರಣೆಯ ಮಟ್ಟಕ್ಕೆ.

ಹೆಸರು ಪೂರ್ತಿ ನಿಜವೇ? ಅರ್ಧ ನಿಜ. ಬಟ್ಟಲಿನಲ್ಲಿರುವ ಸಾರಿನ ಹೆಚ್ಚಿನ ಪಾಲು ಹಸಿರು ಮಸಾಲೆ ಮತ್ತು ನೀರು. ಆದರೆ ಅಡುಗೆಯ ಮೊದಲ ಕಾಲು ಗಂಟೆಯನ್ನು ಆ ಹೆಸರು ಕರಾರುವಾಕ್ಕಾಗಿ ಹೇಳುತ್ತದೆ. ಕೆಡುವುದೂ ಅಲ್ಲೇ.

ಆರು ಜನರಿಗೆ 1 ಕಿಲೊ ಮಾಂಸ ಬೇಕು. 3-4 ಮಿಲಿಮೀಟರ್ ದಪ್ಪದ ಹಾಳೆಗಳಾಗಿ ಕೊಯ್ದು, ಬೆರಳಿನ ಉಗುರಿನಷ್ಟು ಚೂರು ಮಾಡಿ. ಕೈಮಾ ಬೇಡ, ಅದು ಸಾರಿನಲ್ಲಿ ರವೆಯಂತಾಗುತ್ತದೆ. ದಪ್ಪ ತಳದ ಪಾತ್ರೆಯಲ್ಲಿ 150 ಗ್ರಾಂ ಬೇಕನ್ ಹಾಕಿ, ತಣ್ಣಗಿರುವಾಗಲೇ ಒಲೆಯ ಮೇಲಿಟ್ಟು ಸಣ್ಣ ಉರಿಯಲ್ಲಿ ಹುರಿಯಿರಿ. ಗರಿಯಾದ ಮೇಲೆ ತೆಗೆದಿಡಿ, ಎರಡು ಚಮಚ ಕೊಬ್ಬು ಉಳಿಸಿಕೊಳ್ಳಿ. ಈಗ ಅಷ್ಟೂ ಮಾಂಸವನ್ನು ಒಂದೇ ಸಲ ಹಾಕಿ. ಹೀಗೆ ಒಟ್ಟಿಗೆ ತುಂಬುವುದು ಬೇರೆ ಅಡುಗೆಗಳಲ್ಲಿ ತಪ್ಪು, ಇಲ್ಲಿ ಬೇಕೇ ಬೇಕು. ಪಾತ್ರೆಯ ಶಾಖ ಇಳಿಯುತ್ತದೆ, ಮಾಂಸ ಕಂದು ಬಣ್ಣಕ್ಕೆ ತಿರುಗುವ ಬದಲು ನೀರು ಬಿಡುತ್ತದೆ. ಒಂದೂವರೆ ಚಮಚ ಉಪ್ಪು ಮತ್ತು ಕರಿಮೆಣಸಿನ ಪುಡಿ ಸೇರಿಸಿ, ಮುಚ್ಚಳ ಮುಚ್ಚಿ, ಮಧ್ಯಮ ಉರಿಯಲ್ಲಿ 15 ನಿಮಿಷ ಬಿಡಿ. ಹೊರಗಿನಿಂದ ಒಂದು ತೊಟ್ಟು ನೀರೂ ಬೇಡ. ಮುಚ್ಚಳ ತೆಗೆದಾಗ ಮಾಂಸ ತನ್ನ ರಸದಲ್ಲೇ ಕುದಿಯುತ್ತಿರಬೇಕು. ಅದೇ 'ಹೂಗೊ'. ಗಡಿಬಿಡಿಯಲ್ಲಿ ಮೊದಲೇ ನೀರು ಸುರಿದರೆ ಸಾರು ಸಪ್ಪೆ, ಮತ್ತೆ ಅದನ್ನು ಎತ್ತಲು ಬುಯೋನ್ ಪುಡಿ (ಮಾಂಸದ ಸಾರಿನ ಸಿದ್ಧ ಪುಡಿ) ಹುಡುಕಬೇಕಾಗುತ್ತದೆ.

(ಅಂದ ಹಾಗೆ, ಮೆಕ್ಸಿಕೊದಲ್ಲಿ 'ಹೂಗೊ ಮ್ಯಾಗಿ' ಎಂದರೆ ನೂಡಲ್ಸ್ ಅಲ್ಲ, ಸೋಯಾ ಸಾಸಿನಂಥ ಕಪ್ಪು ದ್ರವ. ಅನೇಕರು ಈ ಅಡುಗೆಗೆ ಅದರ ನಾಲ್ಕು ಹನಿ ಹಾಕುತ್ತಾರೆ.)

ಹಸಿರು ಬರುವುದು ತೊಮಾತಿಯೊದಿಂದ. ನಮ್ಮ ಹೊಲದ ಬದುಗಳಲ್ಲಿ ಬೆಳೆಯುವ ಗುಪ್ಪಟೆ ಗಿಡದ ಬಂಧು, ಅದರ ಕಾಯಿಯಂತೆಯೇ ಕಾಗದದಂಥ ಚೀಲದೊಳಗೆ ಕೂತಿರುತ್ತದೆ. ಗ್ವಾದಲಹಾರದವರಿಗೆ ಇದು ಬರೀ 'ತೊಮಾತೆ', ಕೆಂಪು ಟೊಮೆಟೊ 'ಹಿತೊಮಾತೆ'. 400 ಗ್ರಾಂ ಸುಲಿದು, ಮೇಲಿನ ಅಂಟು ಹೋಗುವಂತೆ ತೊಳೆದು, ಮೂರು ಸೆರಾನೊ ಮೆಣಸಿನಕಾಯಿ ಜೊತೆ ಬೇಯಿಸಿ. ಬಣ್ಣ ಮಂಕಾದ ಕೂಡಲೇ, ಐದಾರು ನಿಮಿಷಕ್ಕೆ, ಇಳಿಸಿ. ಸಿಪ್ಪೆ ಒಡೆಯುವವರೆಗೆ ಬಿಟ್ಟರೆ ರಸವೆಲ್ಲ ಬೇಯಿಸಿದ ನೀರಿನ ಪಾಲು. ಎರಡು ಎಸಳು ಬೆಳ್ಳುಳ್ಳಿ, ಕಾಲು ಈರುಳ್ಳಿ, ಒಂದು ಹಿಡಿ ಕೊತ್ತಂಬರಿ ಸೇರಿಸಿ ರುಬ್ಬಿ ಮಾಂಸಕ್ಕೆ ಹಾಕಿ. ಮೂರು ಲೋಟ ಬಿಸಿನೀರು ಬೆರೆಸಿ, ಸಣ್ಣ ಉರಿಯಲ್ಲಿ 30-40 ನಿಮಿಷ ಕುದಿಸಿ. ಬಲಿತ ಎಮ್ಮೆ ಮಾಂಸವಾದರೆ ಗಂಟೆ ದಾಟುತ್ತದೆ. ತೊಮಾತಿಯೊ ಸಿಗದಿದ್ದರೆ ಹಸಿ ಟೊಮೆಟೊ ಕಾಯಿ, ನಿಂಬೆರಸ. ಕೆಲಸ ನಡೆಯುತ್ತದೆ, ಅದೇ ರುಚಿ ಎಂದುಕೊಳ್ಳಬೇಡಿ.

ಕಾಳಿನ ಹೆಸರು 'ಫ್ರಿಹೋಲ್ ಪೆರುವಾನೊ', ತೆಳು ಹಳದಿಯದು. ನಮ್ಮ ಪಲ್ಯದ ಬೀನ್ಸ್, ರಾಜ್ಮಾ ಎಲ್ಲವೂ ಇದೇ ಜಾತಿಯ ಗಿಡದವು. 300 ಗ್ರಾಂ ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಬೇರೆಯೇ ಪಾತ್ರೆಯಲ್ಲಿ ಬೇಯಿಸಬೇಕು. ಮಾಂಸದ ಪಾತ್ರೆಗೆ ಹಸಿ ಕಾಳು ಹಾಕಿದರೆ ತೊಮಾತಿಯೊದ ಹುಳಿ ಅದನ್ನು ಮೆತ್ತಗಾಗಲು ಬಿಡುವುದಿಲ್ಲ, ಎರಡು ಗಂಟೆ ಕುದಿಸಿದರೂ ನಡುವೆ ಗಟ್ಟಿ. ಬದಲಿಗೆ ಕೆಂಪು ರಾಜ್ಮಾ ಬಳಸುವವರು ಕನಿಷ್ಠ ಹತ್ತು ನಿಮಿಷ ಕೊತಕೊತ ಕುದಿಸಲೇಬೇಕು. ಹಸಿ ಕಾಳಿನಲ್ಲಿರುವ ಲೆಕ್ಟಿನ್ ಎಂಬ ಪ್ರೋಟೀನ್ ವಾಂತಿ ಭೇದಿ ತರಿಸುತ್ತದೆ, ಸ್ಲೋ ಕುಕ್ಕರಿನ ಮಂದ ಶಾಖಕ್ಕೆ ಅದು ನಾಶವಾಗುವುದಿಲ್ಲ. ಪ್ರೆಶರ್ ಕುಕ್ಕರಿನಲ್ಲಿ ಆ ಚಿಂತೆಯಿಲ್ಲ.

ಎರಡೂ ಕೂಡುವುದು ಬಟ್ಟಲಿನಲ್ಲೇ: ಮೊದಲು ಒಂದು ಸೌಟು ಕಾಳು, ಮೇಲೆ ಮಾಂಸದ ಸಾರು, ಬೇಕನ್, ಹಸಿ ಈರುಳ್ಳಿ, ಕೊತ್ತಂಬರಿ, ಮೂಲಂಗಿ ಬಿಲ್ಲೆ, ನಿಂಬೆ. ಪಕ್ಕದಲ್ಲಿ ಸುಟ್ಟ ಈರುಳ್ಳಿ ಗೆಡ್ಡೆ, ಮೆಕ್ಕೆಜೋಳದ ತೊರ್ತಿಯಾ (ತೆಳು ರೊಟ್ಟಿ). ಹೀಗೆ ಎಲ್ಲ ಬಿಡಿಬಿಡಿಯಾಗಿ ಸಿದ್ಧವಿರುವುದರಿಂದಲೇ ಗ್ವಾದಲಹಾರದ ಕಾರ್ನೆ ಗರಿಬಾಲ್ದಿ ಹೋಟೆಲು 1996ರಲ್ಲಿ 13.5 ಸೆಕೆಂಡಿಗೆ ಊಟ ಬಡಿಸಿ ಗಿನ್ನೆಸ್ ದಾಖಲೆ ಮಾಡಿತು. ಮನೆಯಲ್ಲೂ ಉಳಿದದ್ದನ್ನು ಬೇರೆಬೇರೆ ಡಬ್ಬಿಯಲ್ಲೇ ಫ್ರಿಜ್ಜಿಗೆ ಇಡಿ. ಬೆರೆಸಿಟ್ಟರೆ ಬೆಳಗಾಗುವಷ್ಟರಲ್ಲಿ ಕಾಳು ಸಾರನ್ನೆಲ್ಲ ಕುಡಿದಿರುತ್ತದೆ.