ನಿನ್ನೆವರೆಗೂ ಹಸಿರಾಗೇ ಇತ್ತು ಸಾರ್

ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಫೋನಿನಲ್ಲೂ ಇದೇ, ಟ್ರೇ ಹೊತ್ತು ತಂದವರ ಬಾಯಲ್ಲೂ ಇದೇ. ಒಂಬತ್ತು ಜೂನಿಪರ್ ಅನ್ನುವ ನಿತ್ಯಹಸಿರು ಗಿಡಗಳನ್ನು ಒಂದೇ ಟ್ರೇಯಲ್ಲಿ ಸೇರಿಸಿ ಮಾಡಿದ ಪುಟ್ಟ ಬೋನ್ಸಾಯ್ ಕಾಡು, ಅದರಲ್ಲಿ ನಾಲ್ಕು ಕಂದು ತಿರುಗಿವೆ. ನಿನ್ನೆ ಏನು ಮಾಡಿದಿರಿ ಅಂತ ನಾನು ಕೇಳುವುದಿಲ್ಲ. ಎರಡು ತಿಂಗಳ ಹಿಂದೆ ಏನು ಮಾಡಿದಿರಿ ಅಂತ ಕೇಳುತ್ತೇನೆ. ಆಗ ಮುಖ ಸ್ವಲ್ಪ ಸಣ್ಣಗಾಗುತ್ತದೆ.

ಉತ್ತರ ಹೆಚ್ಚುಕಮ್ಮಿ ಒಂದೇ. ಬೆಳಗ್ಗೆ ನರ್ಸರಿಯಿಂದ ಗಿಡ ತಂದರು. ಮಧ್ಯಾಹ್ನದೊಳಗೆ ಅರ್ಧಕ್ಕರ್ಧ ಕೊಂಬೆ ತೆಗೆದು, ಉಳಿದವನ್ನು ಬೇಕಾದ ಹಾಗೆ ಬಗ್ಗಿಸಲು ತಂತಿ ಸುತ್ತಿದರು. ಗಿಡಗಳು ಹತ್ತಿರ ಹತ್ತಿರ ಕೂರಬೇಕಲ್ಲ, ಅದಕ್ಕೆ ಬೇರಿನ ಮಣ್ಣೆಲ್ಲ ಪೈಪಿನ ನೀರಲ್ಲಿ ತೊಳೆದು, ಬೇರು ಕತ್ತರಿಸಿ, ತಟ್ಟೆಯಂಥ ಟ್ರೇಯಲ್ಲಿ ನೆಟ್ಟು, ಮೇಲೆ ಪಾಚಿ ಹೊದಿಸಿ, ಸಂಜೆ ಫೋಟೋ ತೆಗೆದರು. ಫೋಟೋ ಚೆನ್ನಾಗೇ ಇರುತ್ತದೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಬಹಳ ಸಲ ಆ ಫೋಟೋದಲ್ಲೇ ಗಿಡ ಸತ್ತಿರುತ್ತದೆ.

ಇಲ್ಲೇ ಎಲ್ಲರೂ ಎಡವುವುದು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಗಲ ಎಲೆಯ ಗಿಡಕ್ಕೆ ಬೇರು ಕೈಕೊಟ್ಟರೆ ಒಂದೆರಡು ದಿನದಲ್ಲಿ ಎಲೆ ಜೋಲು ಬೀಳುತ್ತದೆ, ನಮಗೂ ಗೊತ್ತಾಗುತ್ತದೆ. ಜೂನಿಪರ್ ಹಾಗಲ್ಲ. ಅದರ ಎಲೆ ಚಿಕ್ಕದು, ಗಟ್ಟಿ, ಮೇಲೆ ಮೇಣದ ಪದರ. ಒಳಗಿನ ನೀರು ತುಂಬಾ ನಿಧಾನಕ್ಕೆ ಆರುತ್ತದೆ. ಬೇರು ಸತ್ತು ವಾರಗಟ್ಟಲೆ ಆದರೂ ಎಲೆ ಹಸಿರಾಗೇ ಕೂತಿರುತ್ತದೆ. ನನ್ನ ಕೆಲಸದ ಮೇಜಿನ ಮೂಲೆಯಲ್ಲಿ ಯಾವಾಗಲೂ ಒಂದು ಕತ್ತರಿಸಿದ ಕೊಂಬೆ ಬಿದ್ದಿರುತ್ತದೆ, ಕತ್ತರಿಸಿದ ತಾರೀಕಿನ ಚೀಟಿ ಕಟ್ಟಿಕೊಂಡು. ನೀರಿಲ್ಲ, ಮಣ್ಣಿಲ್ಲ. ಬಂದವರ ಕೈಗೆ ಕೊಟ್ಟು 'ಇದು ಬದುಕಿದೆಯಾ?' ಅಂತ ಕೇಳುತ್ತೇನೆ. ತಿರುಗಿಸಿ ಮುರುಗಿಸಿ ನೋಡಿ 'ಚೆನ್ನಾಗಿದೆಯಲ್ಲ' ಅನ್ನುತ್ತಾರೆ. ಆಮೇಲೆ ಚೀಟಿ ಓದುತ್ತಾರೆ. ಮೂರು ವಾರ ಆಗಿರುತ್ತದೆ.

ಈ ಸುಳ್ಳು ಹಸಿರಿನಿಂದ ಆಗುವ ನಷ್ಟ ಒಂದಲ್ಲ. ನೆಟ್ಟು ಒಂದು ತಿಂಗಳಾಯಿತು, ಹಸಿರಾಗಿದೆ, ಬೇರು ಹಿಡಿಯಿತು ಅಂದುಕೊಂಡು ಗೊಬ್ಬರ ಹಾಕುತ್ತಾರೆ. ಇನ್ನೊಂದು ಸುತ್ತು ತಂತಿ ಬಿಗಿಯುತ್ತಾರೆ. ಕಷ್ಟಪಟ್ಟು ಉಸಿರು ಹಿಡಿದುಕೊಂಡಿದ್ದ ಗಿಡಕ್ಕೂ ಅಲ್ಲಿಗೆ ಮುಗಿಯಿತು. ಕಂದು ಬಣ್ಣ ಕಂಡ ದಿನ ಗಾಬರಿಯಾಗಿ ಬಕೆಟ್ಟುಗಟ್ಟಲೆ ನೀರು ಸುರಿಯುತ್ತಾರೆ. ಆ ನೀರು ಯಾರಿಗೆ? ಪಕ್ಕದ ಬದುಕಿರುವ ಗಿಡಗಳಿಗೆ. ಅವುಗಳ ಬೇರು ಕೊಳೆಯಲು ಶುರು.

ಹಾಗಾದರೆ ಬದುಕಿದೆ ಅಂತ ತಿಳಿಯುವುದು ಹೇಗೆ? ತುದಿ ನೋಡಿ. ಕೆಲಸ ಮಾಡುತ್ತಿರುವ ಜೂನಿಪರಿನ ತುದಿಗಳು ಉಳಿದ ಎಲೆಗಿಂತ ಒಂದು ಛಾಯೆ ತಿಳಿಯಾಗಿ, ಹೊಳಪಾಗಿ ಇರುತ್ತವೆ. ನಿಂತುಹೋದ ಗಿಡದಲ್ಲಿ ತುದಿಗೂ ಒಳಗಿನ ಎಲೆಗೂ ವ್ಯತ್ಯಾಸವೇ ಇರುವುದಿಲ್ಲ, ಒಟ್ಟಾರೆ ಬೂದಿ ಬೆರೆತ ಹಸಿರು. ಸಣ್ಣ ರೆಂಬೆ ಬಗ್ಗಿಸಿದರೆ ಬಾಗಬೇಕು, ಪಟ್ಟಂತ ಮುರಿದರೆ ಒಳ್ಳೆಯದಲ್ಲ. ಉಗುರಿನಲ್ಲಿ ತೊಗಟೆ ಕೆರೆದರೆ ಕೆಳಗೆ ಹಸಿ ಪದರ ಕಾಣಬೇಕು. ಇದನ್ನು ಹೇಳಿಕೊಟ್ಟ ತಪ್ಪಿಗೆ ಒಬ್ಬರು ವಾರಕ್ಕೊಮ್ಮೆ ಎಲ್ಲ ಗಿಡವನ್ನೂ ಕೆರೆದು, ಬೆಕ್ಕು ಪರಚಿದ ಹಾಗೆ ಮಾಡಿಟ್ಟಿದ್ದರು. ಒಂದು ಸಲ, ಒಂದು ಸಣ್ಣ ಜಾಗದಲ್ಲಿ, ಅಷ್ಟೇ. ಶಿಂಪಾಕು ಅನ್ನುವ ಜಪಾನಿ ಜೂನಿಪರ್ ತಳಿಯಾದರೆ ಇನ್ನೊಂದು ಗುರುತು ಉಂಟು: ಜಾಸ್ತಿ ಕತ್ತರಿಸಿದರೆ ನುಣ್ಣಗಿನ ಹುರುಪೆಯಂಥ ಎಲೆ ಬಿಟ್ಟು ಮುಳ್ಳುಮುಳ್ಳು ಎಲೆ ಹೊರಡಿಸುತ್ತದೆ. ಅದು ರೋಗವಲ್ಲ, ಸುಸ್ತು. ಸುಮ್ನೆ ಬಿಟ್ಟರೆ ಕಾಲಕ್ರಮೇಣ ಸರಿಹೋಗುತ್ತದೆ.

ನಾನು ಹೇಳುವುದಿಷ್ಟೇ. ಒಂದು ಋತುವಿನಲ್ಲಿ ಒಂದೇ ದೊಡ್ಡ ಕೆಲಸ. ಈ ವರ್ಷ ಕೊಂಬೆ ಮತ್ತು ತಂತಿ, ಅದೂ ಬಿಡಿಬಿಡಿ ಕುಂಡದಲ್ಲೇ, ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಹಸಿರು ತೆಗೆಯದೆ. ಜೂನಿಪರ್ ತನ್ನ ಶಕ್ತಿಯ ದೊಡ್ಡ ಪಾಲನ್ನು ಎಲೆಯಲ್ಲೇ ಇಟ್ಟುಕೊಳ್ಳುವ ಗಿಡ. ಎಲೆಯನ್ನೂ ಬೇರನ್ನೂ ಒಟ್ಟಿಗೆ ಕಿತ್ತುಕೊಂಡರೆ ಹೊಸ ಬೇರು ಬಿಡಲು ಅದಕ್ಕೆ ಏನು ಉಳಿಯಿತು? ಮುಂದಿನ ವಸಂತದ ಶುರುವಿನಲ್ಲಿ ಟ್ರೇಗೆ ಸೇರಿಸಿ. ಬೇರು ಪೂರ್ತಿ ತೊಳೆಯಬೇಡಿ, ಹಳೇ ಮಣ್ಣು ಅರ್ಧದಷ್ಟಾದರೂ ಉಳಿಯಲಿ. ಗಿಡಗಳು ಹತ್ತಿರ ಬರಬೇಕಾದ ಬದಿಯಲ್ಲಿ ಮಾತ್ರ ಬೇರಿನ ಮುದ್ದೆ ಸವರಿದರೆ ಸಾಕು. ಟ್ರೇಯ ತೂತಿನಿಂದ ತಂದ ತಂತಿಯಲ್ಲಿ ಪ್ರತಿ ಗಿಡವನ್ನೂ ಅಲುಗಾಡದಂತೆ ಕಟ್ಟಿ. ಅಲುಗಾಡಿದರೆ ಹೊಸ ಬೇರಿನ ತುದಿ ಮುರಿಯುತ್ತಲೇ ಇರುತ್ತದೆ. ಆಮೇಲೆ ಗಾಳಿ ಹೊಡೆಯದ ಅರೆನೆರಳಿನಲ್ಲಿ ಕೆಲವು ವಾರ, ಹೊರಗೇ. ಮನೆಯೊಳಗೆ ಬೇಡ, ಜೂನಿಪರ್ ಟೀಪಾಯಿ ಮೇಲೆ ಇಡುವ ವಸ್ತುವಲ್ಲ. ಹೊಸ ತುದಿ ಕಾಣುವವರೆಗೆ ಗೊಬ್ಬರ ಇಲ್ಲ. ನಿಮ್ಮ ಹವೆ, ನಿಮ್ಮ ಗಿಡದ ವಯಸ್ಸು ನೋಡಿ ಇದರಲ್ಲಿ ಹಿಂದುಮುಂದು ಆಗಬಹುದು.

ಇಷ್ಟು ಹೇಳುವಾಗ ಎದುರಿಗಿದ್ದವರು ಫೋನ್ ತೆಗೆದು 'ಗೋಶಿನ್' ಚಿತ್ರ ತೋರಿಸುತ್ತಾರೆ. ಅಮೆರಿಕದ ಹೆಸರಾಂತ ಬೋನ್ಸಾಯ್ ಕಲಾವಿದ ಜಾನ್ ನಾಕಾ ಮಾಡಿದ ಜೂನಿಪರ್ ಕಾಡು, ವಾಷಿಂಗ್ಟನ್ನಿನ ನ್ಯಾಷನಲ್ ಆರ್ಬೊರೇಟಮ್‌ನಲ್ಲಿದೆ. 'ಇಂಥದ್ದೇ ಬೇಕು.' ಬೇಕಪ್ಪಾ, ಯಾರಿಗೆ ಬೇಡ? ಆದರೆ ಅದರ ಮೊದಲ ಎರಡು ಗಿಡಗಳ ಮೇಲೆ ಅವರು ಕೈಯಾಡಿಸಿದ್ದು 1948ರಲ್ಲಿ. ಗಿಡ ಒಂದೊಂದೇ ಸೇರುತ್ತಾ 11 ಆಯಿತು, ಮೊಮ್ಮಕ್ಕಳಿಗೆ ತಲಾ ಒಂದರಂತೆ. ನ್ಯಾಷನಲ್ ಬೋನ್ಸಾಯ್ ಫೌಂಡೇಷನ್‌ಗೆ ಕೊಟ್ಟಿದ್ದು 1984ರಲ್ಲಿ. 36 ವರ್ಷ. ನೀವು ಅದನ್ನು ಒಂದೇ ಭಾನುವಾರದಲ್ಲಿ ಕೇಳುತ್ತಿದ್ದೀರಿ.

ಜೋಡಣೆಯ ನಿಯಮ ಎಲ್ಲ ಕಡೆ ಸಿಗುತ್ತದೆ: ದಪ್ಪ, ಎತ್ತರದ ಗಿಡ ಮುಖ್ಯ, ಮೂರು ಕಾಂಡ ಒಂದೇ ಸಾಲಲ್ಲಿ ಬೇಡ, ಅಂತರ ಒಂದೇ ಸಮ ಬೇಡ. ಅದರಲ್ಲಿ ತಪ್ಪಿದರೆ ನೋಟ ಕೆಡುತ್ತದೆ ಅಷ್ಟೇ, ಗಿಡ ಸಾಯುವುದಿಲ್ಲ. ಬೆಳಕಿನಲ್ಲಿ ತಪ್ಪಿದರೆ ಮಾತ್ರ ಕಷ್ಟ. ಗುಂಪಿನ ಒಳಗೆ ಬೆಳಕು ಹೋಗದಿದ್ದರೆ ಒಳಕೊಂಬೆ ಬೋಳಾಗುತ್ತದೆ, ಬೋಳಾದ ಹಳೇ ಕೊಂಬೆಯಲ್ಲಿ ಜೂನಿಪರ್ ಮತ್ತೆ ಚಿಗುರುವುದಿಲ್ಲ. ಅದಕ್ಕೇ ಉದ್ದ ಹೋದ ಚಿಗುರನ್ನು ಬುಡದಲ್ಲಿ ಕತ್ತರಿಯಿಂದ ತೆಗೆದು ಸಂದು ಮಾಡಿಕೊಡಿ. ಟಿವಿ ನೋಡುತ್ತಾ ತುದಿತುದಿ ಚಿವುಟುವ ಅಭ್ಯಾಸ ಇರುವವರು ದಯವಿಟ್ಟು ಕೈಗೆ ಬೇರೆ ಏನಾದರೂ ಕೆಲಸ ಕೊಡಿ. ಶಕ್ತಿ ತಯಾರಾಗುವ ತುದಿಯನ್ನೇ ನೀವು ಕಿತ್ತು ಹಾಕುತ್ತಿದ್ದೀರಿ.

ನೀರಿನ ವಿಷಯದಲ್ಲೂ ಟ್ರೇ ಮೋಸ ಮಾಡುತ್ತದೆ. ಕುಂಡ ಆಳವಿರಲಿ ಇಲ್ಲದಿರಲಿ, ಅದೇ ಮಣ್ಣಾದರೆ ತಳದಲ್ಲಿ ಇಷ್ಟು ಎತ್ತರ ಅಂತ ನೀರು ನಿಂತೇ ಇರುತ್ತದೆ. ಅದು 2 ಸೆಂ.ಮೀ. ಅಂತ ಇಟ್ಟುಕೊಳ್ಳಿ. 20 ಸೆಂ.ಮೀ. ಕುಂಡದಲ್ಲಿ ಹತ್ತನೇ ಒಂದು ಭಾಗ, 4 ಸೆಂ.ಮೀ. ಟ್ರೇಯಲ್ಲಿ ಅರ್ಧ! ಮೇಲೆ ಗುಡ್ಡದ ಹಾಗೆ ಏರಿಸಿದ ಮಣ್ಣು ಒಣಗಿ ನಿಂತಿರುತ್ತದೆ, ಕೆಳಗೆ ಬೇರು ನೀರಲ್ಲಿ. ಒಂದು ಬಿದಿರು ಕಡ್ಡಿ ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆದು ಎಷ್ಟು ಒದ್ದೆಯಾಗಿದೆ ನೋಡಿ, ಆಮೇಲೆ ನೀರು ಹಾಕಿ.

ಶುರುವಲ್ಲಿ ಹೇಳಿದ ಒಂಬತ್ತು ಗಿಡದ ಕಾಡು ಒಬ್ಬ ನಿವೃತ್ತ ಮೇಷ್ಟ್ರದು. ಸತ್ತ ನಾಲ್ಕನ್ನು ಕಿತ್ತು ಹೊಸದು ಇಡೋಣ ಅಂತ ಬಂದಿದ್ದರು. ಕೀಳಬೇಡಿ ಮೇಷ್ಟ್ರೇ ಅಂದೆ. ಬೇರುಗಳು ಆಗಲೇ ಒಂದಕ್ಕೊಂದು ಹೆಣೆದುಕೊಂಡಿದ್ದವು, ಒಂದನ್ನು ಎಳೆದರೆ ಪಕ್ಕದ್ದೂ ಹರಿಯುತ್ತದೆ. ಎರಡನ್ನು ಬುಡಕ್ಕೆ ಗರಗಸ ಹಾಕಿ ಕತ್ತರಿಸಿದೆವು. ಇನ್ನೆರಡರ ತೊಗಟೆ ಸುಲಿದು ಒಣಮರದ ಹಾಗೆ ನಿಲ್ಲಿಸಿ, ಒಣಗಿದ ಮೇಲೆ ಮರ ಕೊಳೆಯದಿರಲಿ ಅಂತ ಲೈಮ್ ಸಲ್ಫರ್ (ಸುಣ್ಣ-ಗಂಧಕದ ದ್ರಾವಣ) ಹಚ್ಚಿದೆವು. ಕೊಳೆತ ಮೊಟ್ಟೆಯ ವಾಸನೆಗೆ ಮೇಷ್ಟ್ರು ಮೂಗು ಮುಚ್ಚಿಕೊಂಡು ಬೈದರು. ನಿಜ ಹೇಳಬೇಕೆಂದರೆ ಕಾಡು ಮೊದಲಿಗಿಂತ ಚೆನ್ನಾಗಿ ಕಂಡಿತು. ಅದನ್ನು ಅವರಿಗೆ ಹೇಳಲಿಲ್ಲ, ಮತ್ತೆ ಬೇಕಂತಲೇ ಸಾಯಿಸಿಯಾರು ಅಂತ.

ಮೊನ್ನೆ ಫೋನ್ ಮಾಡಿದ್ದರು. 'ಐದೂ ಹಸಿರಾಗಿವೆ ಕಣಪ್ಪಾ, ಗೊಬ್ಬರ ಹಾಕಲಾ?' 'ತುದಿ ಹೇಗಿದೆ ಮೇಷ್ಟ್ರೇ?' ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಚಪ್ಪಲಿ ಮೆಟ್ಟಿದ ಸದ್ದು, ಬಾಗಿಲು ತೆಗೆದ ಸದ್ದು. 'ತಾಳು, ಕನ್ನಡಕ ಹಾಕ್ಕೊಂಡು ನೋಡಿ ಹೇಳ್ತೀನಿ.'