ಹೊರಗಿನ ರಕ್ತವಿಲ್ಲದೆ ಹೃದಯದ ಆಪರೇಷನ್

ಮನೆಯಲ್ಲಿ ಯಾರಿಗಾದರೂ ಹಾರ್ಟ್ ಆಪರೇಷನ್ ಎಂದ ಕೂಡಲೇ ರಕ್ತ ಕೊಡುವವರಿಗಾಗಿ ಫೋನ್ ಮೇಲೆ ಫೋನ್ ಹೋಗುತ್ತದೆ. 1960ರ ದಶಕದಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಶಸ್ತ್ರವೈದ್ಯ ಡೆಂಟನ್ ಕೂಲಿ ಅವರ ಬಳಿ ಬಂದ ಕೆಲವರು ಆ ರಕ್ತವೇ ಬೇಡವೆಂದರು. ಅವರು ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಥದವರು. ಪರರ ರಕ್ತ ಪಡೆಯುವುದು ಅವರ ನಂಬಿಕೆಗೆ ನಿಷಿದ್ಧ.

ಹೃದಯ ನಿಲ್ಲಿಸಿ ಆಪರೇಷನ್ ಮಾಡುವಾಗ ರಕ್ತಕ್ಕೆ ಆಮ್ಲಜನಕ ಬೆರೆಸಿ ಮೈಗೆಲ್ಲ ಹರಿಸುವುದು ಹಾರ್ಟ್-ಲಂಗ್ ಯಂತ್ರ. ಅದರ ಕೊಳವೆಗಳಲ್ಲಿ ಗಾಳಿ ಉಳಿಯದಂತೆ ಮೊದಲೇ ದ್ರವ ತುಂಬಬೇಕು. ಆಗೆಲ್ಲ ಅದಕ್ಕೆ ದಾನಿಗಳ ರಕ್ತವನ್ನೇ ಸುರಿಯುತ್ತಿದ್ದರು. ಕೂಲಿ ಗ್ಲೂಕೋಸ್ ನೀರು ತುಂಬಿದರು. ರೋಗಿಯ ರಕ್ತ ತೆಳುವಾಯಿತು, ನಿಜ. ಆದರೆ ತೆಳು ರಕ್ತ ಸಣ್ಣ ನಾಳಗಳಲ್ಲಿ ಸಲೀಸಾಗಿ ಹರಿಯುತ್ತದೆ, ಸೋರಿದರೂ ಅದರ ಜೊತೆ ಹೋಗುವ ಕೆಂಪು ಕಣಗಳು ಕಡಿಮೆ. 1977ರಲ್ಲಿ ಅವರ ತಂಡ ಪರರ ರಕ್ತವಿಲ್ಲದೆ ಮಾಡಿದ ಹೃದಯ ಮತ್ತು ರಕ್ತನಾಳಗಳ 542 ಆಪರೇಷನ್‌ಗಳ ವರದಿ ಪ್ರಕಟಿಸಿತು.

ನನಗೆ ಅತಿ ಸೊಗಸೆನಿಸುವುದು ಸೆಲ್ ಸೇವರ್ ಎಂಬ ಯಂತ್ರ. ಎದೆಗೂಡಿನಲ್ಲಿ ಮಡುಗಟ್ಟಿದ ರಕ್ತವನ್ನು ಅದು ಹೀರಿಕೊಂಡು ಒಂದು ಬಟ್ಟಲಿನಲ್ಲಿ ಗಿರ್ರನೆ ತಿರುಗಿಸುತ್ತದೆ. ಮೊರದಲ್ಲಿ ಕೇರಿದಾಗ ಜೊಳ್ಳು ಹಾರಿ ಕಾಳು ಉಳಿಯುವಂತೆ, ಭಾರವಾದ ಕೆಂಪು ಕಣಗಳು ಬಟ್ಟಲಲ್ಲಿ ಉಳಿದು ಮಿಕ್ಕಿದ್ದು ಹೊರಗೆ ಹೋಗುತ್ತದೆ. ಸಲೈನ್‌ನಲ್ಲಿ ತೊಳೆದ ಆ ಕಣಗಳು ಮತ್ತೆ ರೋಗಿಯ ಮೈಸೇರುತ್ತವೆ. ಕೊಳವೆ ಎಲ್ಲೂ ಕಳಚದೆ ಮೈಗೆ ಜೋಡಿಸಿಕೊಂಡೇ ಇದ್ದರೆ ಯೆಹೋವನ ಸಾಕ್ಷಿಗಳಲ್ಲೂ ಅನೇಕರು ಇದಕ್ಕೆ ಒಪ್ಪುತ್ತಾರೆ.

ಕೆಲಸ ಶುರುವಾಗುವುದು ಮಾತ್ರ ವಾರಗಳ ಮೊದಲೇ. ರಕ್ತಹೀನತೆ ಇದ್ದರೆ ಕಬ್ಬಿಣಾಂಶ, ಬೇಕಾದರೆ ಕೆಂಪು ಕಣಗಳನ್ನು ಹೆಚ್ಚಿಸುವ ಎರಿತ್ರೊಪೊಯೆಟಿನ್ ಎಂಬ ಹಾರ್ಮೋನ್ ಕೊಟ್ಟು ಹಿಮೋಗ್ಲೋಬಿನ್ ಏರಿಸುತ್ತಾರೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳನ್ನು ವೈದ್ಯರೇ ಲೆಕ್ಕಹಾಕಿ ನಿಲ್ಲಿಸುತ್ತಾರೆ. ಆಪರೇಷನ್ ವೇಳೆ ಟ್ರಾನೆಕ್ಸಾಮಿಕ್ ಆಮ್ಲ, ಕಟ್ಟಿದ ಹೆಪ್ಪು ಬೇಗ ಕರಗದಂತೆ ಕಾಯುತ್ತದೆ. ಜಪಾನಿನ ಉತಾಕೊ ಒಕಾಮೊಟೊ ಮತ್ತು ಅವರ ಪತಿ ಕಂಡುಹಿಡಿದ ಅಗ್ಗದ ಔಷಧ ಇದು.

ನಂಬಿಕೆಯ ಹಟದಿಂದ ಕಲಿತದ್ದು ಈಗ ಎಲ್ಲರಿಗೂ ಬಂದಿದೆ. 2017ರಲ್ಲಿ ಪ್ರಕಟವಾದ ಟ್ರಿಕ್ಸ್-3 ಅಧ್ಯಯನ ಹೃದಯದ ಆಪರೇಷನ್ ಆದ ಸುಮಾರು 5,000 ಜನರನ್ನು ನೋಡಿತು. ಹಿಮೋಗ್ಲೋಬಿನ್ 7.5ಕ್ಕಿಂತ ಇಳಿದ ಮೇಲಷ್ಟೇ ರಕ್ತ ಪಡೆದವರು, 9.5ಕ್ಕಿಂತ ಇಳಿದೊಡನೆ ಪಡೆದವರಷ್ಟೇ ಚೆನ್ನಾಗಿ ಚೇತರಿಸಿಕೊಂಡರು. ಹಾಗೆಂದು ರಕ್ತದಾನ ಬೇಡವೆಂದಲ್ಲ. ನೆತ್ತರು ಧಾರಾಕಾರ ಹರಿಯುವಾಗ ಜೀವ ಉಳಿಸುವುದು ಅದೇ.

ಆಪರೇಷನ್ ಮುಗಿದರೂ ಈ ಜತನ ಮುಗಿಯುವುದಿಲ್ಲ. ಐಸಿಯುನಲ್ಲಿ ದಿನಕ್ಕೆ ಹಲವು ಬಾರಿ ಪರೀಕ್ಷೆಗೆ ರಕ್ತ ಎಳೆಯುತ್ತಾರಲ್ಲ, ಅದೂ ಸೇರಿ ಸೇರಿ ಬಹಳವಾಗುತ್ತದೆ. ಹಾಗಾಗಿ ರಕ್ತ ಉಳಿಸುವ ಪಣ ತೊಟ್ಟ ಆಸ್ಪತ್ರೆಗಳಲ್ಲಿ ದೊಡ್ಡವರ ರಕ್ತವನ್ನೂ ಮಕ್ಕಳಿಗೆ ಬಳಸುವ ಪುಟ್ಟ ಟ್ಯೂಬಿನಲ್ಲೇ ಹಿಡಿಯುತ್ತಾರೆ.